ಒಬ್ಬರೇ ಕಾಡಿಗೆ ಹೊರಡುವ ಮುನ್ನ

ಕಾಫಿ ಕೊಯ್ಲು ಮುಗಿದಿದೆ, ಅಡಿಕೆ ಚೀಲ ಸೇರಿದೆ, ಇನ್ನು ಹೂಮಳೆಗಾಗಿ ಮುಗಿಲು ನೋಡುವ ಕಾಲ. ಪಟ್ಟಣದಲ್ಲಿ ನೌಕರಿಗಿರುವ ಮಕ್ಕಳು ನಾಲ್ಕು ದಿನದ ರಜೆಗೆ ಊರಿಗೆ ಬರುವುದೂ, ಬೆನ್ನಿಗೆ ಚೀಲ ಏರಿಸಿ ಒಬ್ಬರೇ ಗುಡ್ಡ ಸುತ್ತಿ ಬರುತ್ತೇವೆಂದು ಹೊರಡುವುದೂ ಈಗಲೇ. ಬೇಡವೆನ್ನಲು ನಮಗೆ ಮನಸ್ಸಿಲ್ಲ. ಒಂಟಿಯಾಗಿ ನಡೆದವನಿಗೆ ಕಾಡು ಕಾಣುವಷ್ಟು ಹತ್ತು ಜನರ ಗದ್ದಲದಲ್ಲಿ ಕಾಣುವುದಿಲ್ಲ. ಆದರೆ ಫಾಲ್ಗುಣ-ಚೈತ್ರದ ನಮ್ಮ ಕಾಡು ಹುಳುಗಳ ಕಾಡೂ ಹೌದು. ಇದನ್ನು ಮನೆಯ ಹಿರಿಯರೇ ಅವರಿಗೆ ತಿಳಿಸಿ ಹೇಳಬೇಕು.

ಕಣ್ಣಿಗೆ ಮುತ್ತುವ ನುಸಿಯದು ಬರೀ ಕಿರಿಕಿರಿ. ಇಂಬಳ ಮಳೆಗಾಲದ್ದು, ಹೊಟ್ಟೆ ತುಂಬಿದ ಮೇಲೆ ತಾನಾಗಿ ಉದುರಿಹೋಗುವ ಅದು ಉಣುಗಿನ ಮುಂದೆ ಸಭ್ಯಸ್ಥನೇ ಸರಿ. ಭಯಪಡಬೇಕಾದ್ದು ಉಣುಗಿಗೆ, ಅದರಲ್ಲೂ ಎಳ್ಳುಕಾಳಿಗಿಂತ ಚಿಕ್ಕದಾದ ಮರಿ ಉಣುಗಿಗೆ. ಬಲಿತ ಉಣುಗು ದನಕರುಗಳನ್ನು ಹುಡುಕಿದರೆ, ಮನುಷ್ಯನಿಗೆ ಹೆಚ್ಚಾಗಿ ಕಚ್ಚುವುದು ಈ ಮರಿಯೇ. ಅದು ಮರದಿಂದ ಉದುರುವುದಿಲ್ಲ, ಹಾರುವುದೂ ಇಲ್ಲ. ತರಗೆಲೆಯ ಮೇಲೆ, ಮೊಣಕಾಲೆತ್ತರದ ಗಿಡದ ತುದಿಯಲ್ಲಿ ಕಾದು ಕುಳಿತು, ತಾಗಿದವರನ್ನು ಹತ್ತುತ್ತದೆ. ಡಿಸೆಂಬರಿನಿಂದ ಮೇವರೆಗೆ ಇದರ ಹಾವಳಿ.

ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸಾಯುತ್ತಿದ್ದಾಗ ಸುತ್ತಲಿನ ಹಳ್ಳಿಗರಿಗೂ ಜ್ವರ ಬಂತು. ಮಂಗನ ಕಾಯಿಲೆ ಎಂದು ನಾವು ಕರೆಯುವ ರೋಗ ಪತ್ತೆಯಾದದ್ದು ಹೀಗೆ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಕಂಡ ಸಾವುಗಳನ್ನು ಮಲೆನಾಡು ಮರೆತಿಲ್ಲ. ರೋಗ ಹಿಡಿದ ಮಂಗ ಸತ್ತು ಬಿದ್ದಲ್ಲಿ ಅದರ ಮೈಮೇಲಿನ ಉಣುಗುಗಳೆಲ್ಲ ನೆಲಕ್ಕಿಳಿಯುತ್ತವೆ. ಆ ಜಾಗವೇ ಬಲು ಅಪಾಯದ್ದು. ಹಿಂದೆ ಕೊಡುತ್ತಿದ್ದ ಲಸಿಕೆ ಸಾಕಷ್ಟು ರಕ್ಷಣೆ ಕೊಡದೆ 2022ರ ಹೊತ್ತಿಗೆ ನಿಂತುಹೋಯಿತು.

ಒಂಟಿ ನಡಿಗೆಯವರ ವಿಷಯದಲ್ಲಿ ನಮ್ಮ ಚಿಂತೆ ಬೇರೆಯೇ ಇದೆ. ಉಣುಗು ಕಚ್ಚಿದ ದಿನ ಏನೂ ಆಗುವುದಿಲ್ಲ. ಜ್ವರ ಏರುವುದು ಮೂರರಿಂದ ಎಂಟು ದಿನಗಳ ಮೇಲೆ. ಅಷ್ಟರಲ್ಲಿ ಹುಡುಗ ಬೆಂಗಳೂರಿನ ತನ್ನ ಕೋಣೆ ಸೇರಿರುತ್ತಾನೆ. ವಿಪರೀತ ತಲೆನೋವು, ಮೈಕೈ ನೋವು ಎಂದರೆ ಅಲ್ಲಿಯ ವೈದ್ಯರು ಡೆಂಗಿಯನ್ನೋ ಟೈಫಾಯಿಡನ್ನೋ ಮೊದಲು ನೆನೆಯುವುದು ಸಹಜ. ಜೊತೆಗಾರರಿದ್ದರೆ ಒಬ್ಬರಾದರೂ ಕಾಡಿನ ಮಾತೆತ್ತುತ್ತಿದ್ದರು. ಒಬ್ಬನೇ ಹೋದವನು ಹೇಳದಿದ್ದರೆ ಹೇಳುವವರೇ ಇಲ್ಲ. ನೂರು ರೋಗಿಗಳಲ್ಲಿ ಮೂರರಿಂದ ಐವರನ್ನು ಬಲಿ ತೆಗೆದುಕೊಳ್ಳುವ, ಇದಕ್ಕೆಂದೇ ಮದ್ದಿಲ್ಲದ ಕಾಯಿಲೆಯಲ್ಲಿ ಬೇಗ ಆಸ್ಪತ್ರೆ ಸೇರುವುದೊಂದೇ ದಾರಿ.

ಆದ್ದರಿಂದ ಹೊರಡುವಾಗ ಯಾವ ದಾರಿ, ಯಾವ ಹಳ್ಳ, ಎಲ್ಲಿ ತಂಗುವುದು, ಎಂದು ವಾಪಸು ಎಂಬುದನ್ನು ಚೀಟಿಯಲ್ಲಿ ಬರೆಸಿಕೊಂಡು ಮನೆಯಲ್ಲಿಟ್ಟುಕೊಳ್ಳಿ. ಅರಣ್ಯ ಇಲಾಖೆಯ ಅನುಮತಿ ಬೇಕಾದ ಕಡೆ ಅದನ್ನು ಪಡೆದೇ ಹೋಗಲಿ. ಹೋಗಿ ಬಂದ ಹತ್ತು ದಿನ ದಿನಕ್ಕೊಮ್ಮೆ ಫೋನು ಮಾಡಿ ಜ್ವರ ಉಂಟೇ ಎಂದು ಕೇಳಿ. ಮಕ್ಕಳು ನಗಬಹುದು, ನಗಲಿ.

ಉಡುಪು ತಿಳಿಬಣ್ಣದ್ದಾದರೆ ಹತ್ತುವ ಉಣುಗು ಕಾಣುತ್ತದೆ. ಉದ್ದ ತೋಳಿನ ಅಂಗಿ, ಕಾಲುಚೀಲದೊಳಗೆ ತೂರಿಸಿದ ಪ್ಯಾಂಟು ಇರಲಿ. ತರಗೆಲೆಯ ಮೇಲೆ ಕೂರುವುದು, ಚೀಲ ಇಡುವುದು, ಮಲಗುವುದು ಬೇಡ. ಬರೀ ಬಂಡೆ ವಾಸಿ. ಸಂಜೆ ಕಂಕುಳು, ತೊಡೆಸಂದು, ಮಂಡಿಯ ಹಿಂಭಾಗ, ಕಿವಿಯ ಹಿಂದೆ ತಡವಿ ನೋಡಬೇಕು. ಬೆನ್ನು ನೋಡಲು ಒಬ್ಬನಿಗೆ ಕನ್ನಡಿಯೇ ಗತಿ. ಕಚ್ಚಿಕೊಂಡಿದ್ದರೆ ಚಿಮಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರವಾಗಿ ಎಳೆಯಬೇಕು. ಸೀಮೆಎಣ್ಣೆ, ಸುಣ್ಣ, ಬೀಡಿಯ ಕೆಂಡ ಯಾವುದೂ ಕೂಡದು. ಮನೆಗೆ ಬಂದೊಡನೆ ಬಿಸಿನೀರ ಸ್ನಾನ, ಬಟ್ಟೆಗಳಿಗೂ ಬಿಸಿನೀರು.

ಸೊಪ್ಪಿಗೆ, ದರಕಿಗೆ ಒಬ್ಬರೇ ಬೆಟ್ಟ ಹತ್ತುವ ನಮ್ಮ ಸದಸ್ಯರಿಗೂ ಇದೇ ಕ್ರಮ. ಕೈಕಾಲಿಗೆ ಹಚ್ಚುವ ಡೇಪಾ ಎಣ್ಣೆಯನ್ನು ರೋಗವಿರುವ ಕಡೆಗಳಲ್ಲಿ ಆರೋಗ್ಯ ಇಲಾಖೆಯವರು ಹಂಚುತ್ತಾರೆ. ಆಶಾ ಕಾರ್ಯಕರ್ತೆಯರನ್ನು ಕೇಳಿ ಪಡೆಯಿರಿ. ಸತ್ತ ಮಂಗವಾಗಲಿ ಮುಸಿಯವಾಗಲಿ ಕಂಡರೆ ಹತ್ತಿರ ಹೋಗದೆ, ಜಾಗದ ಗುರುತಿಟ್ಟುಕೊಂಡು ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ.