ಒಂದೂವರೆ ಟನ್ ಎಂದರೆ ಏನು?
(ಮನೆಯನ್ನು ತಣ್ಣಗೆ, ಬೆಚ್ಚಗೆ ಇಡುವ ಯಂತ್ರಗಳ ಪರಿಭಾಷೆ)

ಕಳೆದ ಬೇಸಿಗೆಯಲ್ಲಿ ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರು ಮೆಣಸಿನ ಲೆಕ್ಕ ಕೇಳಲು ಕಚೇರಿಗೆ ಬಂದವರು ಜೇಬಿನಿಂದ ಒಂದು ಕೊಟೇಶನ್ ಕಾಗದ ತೆಗೆದು ಮೇಜಿನ ಮೇಲಿಟ್ಟರು. ಅವರ ಮಗ ಪೇಟೆಯ ಅಂಗಡಿಯಿಂದ ಬರೆಸಿಕೊಂಡು ಬಂದದ್ದು. 'ಒಂದೂವರೆ ಟನ್, ಐದು ಸ್ಟಾರ್, ಇನ್ವರ್ಟರ್, ಹಾಟ್ ಅಂಡ್ ಕೋಲ್ಡ್, ಗ್ಯಾಸ್ ಆರ್-32' ಎಂದಿತ್ತು. "ನಮ್ಮದು ಮಣ್ಣಿನ ಗೋಡೆ ಸ್ವಾಮಿ, ಒಂದೂವರೆ ಟನ್ ತೂಕ ತಡೆದೀತೇ?" ಎಂಬುದು ಅವರ ಪ್ರಶ್ನೆ. ಪಕ್ಕದಲ್ಲಿದ್ದವರು ನಕ್ಕರು. ಹಾಗಾದರೆ ಟನ್ ಎಂದರೆ ಏನೆಂದು ನಕ್ಕವರನ್ನು ಕೇಳಿದಾಗ ಒಬ್ಬರಿಗೂ ಹೇಳಲು ಬರಲಿಲ್ಲ. ಗೊಬ್ಬರದ ಚೀಲದ ಮೇಲಿನ ಸಾರಜನಕ, ರಂಜಕ, ಪೊಟ್ಯಾಷ್ ಅಂಕಿಗಳನ್ನು ಓದದೆ ಒಂದು ಚೀಲವನ್ನೂ ಎತ್ತದ ನಾವು, ಹಲವು ಚೀಲಗಳ ಬೆಲೆ ಬಾಳುವ ಯಂತ್ರವನ್ನು ಅಂಗಡಿಯವನ ಬಾಯಿಮಾತಿನ ಮೇಲೆ ಮನೆಗೆ ತರುತ್ತಿದ್ದೇವೆ. ಆದುದರಿಂದ ಈ ಸಂಚಿಕೆಯಲ್ಲಿ ನಾಲ್ಕು ಮಾತು.

ಟನ್ ಎಂಬುದು ಯಂತ್ರದ ತೂಕವಲ್ಲ, ಮಂಜುಗಡ್ಡೆಯ ತೂಕ. ಶೈತ್ಯಯಂತ್ರಗಳು ಬರುವ ಮೊದಲು ಅಮೆರಿಕದಲ್ಲಿ ಚಳಿಗಾಲದ ಕೆರೆಗಳಿಂದ ಮಂಜುಗಡ್ಡೆ ಕೊಯ್ದು ತೂಕದ ಮೇಲೆ ಮಾರುತ್ತಿದ್ದರು. ಯಂತ್ರ ಬಂದಾಗ ಅದರ ಶಕ್ತಿಯನ್ನೂ ಅದೇ ಲೆಕ್ಕದಲ್ಲಿ ಹೇಳಿದರು. ಅವರ ಒಂದು ಟನ್ ಎಂದರೆ 2,000 ಪೌಂಡ್, ಅಂದರೆ ಸುಮಾರು 907 ಕಿಲೋ. ಅಷ್ಟು ಮಂಜುಗಡ್ಡೆ 24 ಗಂಟೆಗಳಲ್ಲಿ ಕರಗುತ್ತ ಎಷ್ಟು ಶಾಖವನ್ನು ಹೀರಿಕೊಳ್ಳುವುದೋ ಅಷ್ಟು ಶಾಖವನ್ನು ಹೊರಹಾಕುವ ಯಂತ್ರ ಒಂದು ಟನ್ನಿನದು. ಒಂದು ಕಿಲೋ ಮಂಜುಗಡ್ಡೆ ಕರಗಲು 80 ಕಿಲೋಕ್ಯಾಲರಿ ಬೇಕು. ಗುಣಿಸಿ 24ರಿಂದ ಭಾಗಿಸಿದರೆ ಗಂಟೆಗೆ ಸುಮಾರು 3,000 ಕಿಲೋಕ್ಯಾಲರಿ. ಇದನ್ನೇ ಕೆಲವು ಪತ್ರಿಕೆಗಳಲ್ಲಿ 12,000 ಬಿ.ಟಿ.ಯು. ಎಂದೂ 3.5 ಕಿಲೋವ್ಯಾಟ್ ಎಂದೂ ಮುದ್ರಿಸುತ್ತಾರೆ. ಒಂದು ಪೌಂಡ್ ನೀರನ್ನು ಒಂದು ಫ್ಯಾರನ್‌ಹೀಟ್ ಡಿಗ್ರಿ ಬಿಸಿ ಮಾಡುವ ಶಾಖ ಒಂದು ಬಿ.ಟಿ.ಯು.; ಒಂದು ಬೆಂಕಿಕಡ್ಡಿ ಪೂರ್ತಿ ಉರಿದರೆ ಹೆಚ್ಚು ಕಡಿಮೆ ಅಷ್ಟೇ.

ಇಲ್ಲಿ ಒಂದು ಗೊಂದಲವನ್ನು ಬಿಡಿಸಬೇಕು. ಒಂದೂವರೆ ಟನ್ನಿನ ಯಂತ್ರದ ಮೇಲೆ 5,000 ವ್ಯಾಟ್‌ಗಿಂತ ಹೆಚ್ಚಿನ ಅಂಕಿ ಕಂಡು, "ನಮ್ಮ ಮೀಟರು ಇದನ್ನು ತಾಳುವುದಿಲ್ಲ" ಎಂದು ಹಿಂದೆ ಸರಿದವರಿದ್ದಾರೆ. ಅದು ಯಂತ್ರ ಸಾಗಿಸುವ ಶಾಖ, ತಿನ್ನುವ ವಿದ್ಯುತ್ತಲ್ಲ. ನಮ್ಮ ಬಾವಿಯ ಪಂಪ್‌ಸೆಟ್ಟನ್ನೇ ನೆನೆಯಿರಿ. ಪಂಪು ನೀರನ್ನು ಹುಟ್ಟಿಸುವುದಿಲ್ಲ, ಇರುವ ನೀರನ್ನು ಮೇಲಕ್ಕೆತ್ತುತ್ತದೆ. ಹವಾನಿಯಂತ್ರಕವೂ ತಂಪನ್ನು ಹುಟ್ಟಿಸುವುದಿಲ್ಲ, ಒಳಗಿನ ಶಾಖವನ್ನು ಎತ್ತಿ ಹೊರಗೆ ಸುರಿಯುತ್ತದೆ. ಒಂದು ಪಾಲು ವಿದ್ಯುತ್ತಿಗೆ ಎಷ್ಟು ಪಾಲು ಶಾಖ ಸಾಗಿಸಿತು ಎಂಬುದೇ ಸಿ.ಓ.ಪಿ. ಅದು ಮೂರು ಎಂದರೆ ಒಂದಕ್ಕೆ ಮೂರು. ಇಡೀ ವರ್ಷದ ಬಿಸಿಲು ಸೆಕೆಗಳ ಏರಿಳಿತವನ್ನೂ ಸೇರಿಸಿ ನಮ್ಮ ದೇಶದ ಹವೆಗೆಂದು ಕಟ್ಟಿದ ಇದೇ ಬಗೆಯ ಲೆಕ್ಕಕ್ಕೆ ಐ.ಎಸ್.ಇ.ಇ.ಆರ್. ಎಂದು ಹೆಸರು. ನಕ್ಷತ್ರದ ಚೀಟಿಯ ಮೇಲೆ ಈ ಅಂಕಿ ಇರುತ್ತದೆ. ನಕ್ಷತ್ರ ಎಣಿಸುವ ಬದಲು ಅಂಕಿಯನ್ನು ಓದಿರಿ, ಏಕೆಂದರೆ ನಕ್ಷತ್ರದ ಅಳತೆಗೋಲನ್ನು ಕೆಲವು ವರ್ಷಗಳಿಗೊಮ್ಮೆ ಬಿಗಿಗೊಳಿಸುತ್ತಾರೆ; ಹಳೆಯ ದಾಸ್ತಾನಿನ ಐದು ನಕ್ಷತ್ರ ಹೊಸ ಕೋಷ್ಟಕದಲ್ಲಿ ಐದಾಗಿ ಉಳಿಯುವುದಿಲ್ಲ. ಚೀಟಿಯಲ್ಲಿ ಕಾಣಿಸಿದ ವಾರ್ಷಿಕ ಯೂನಿಟ್ಟುಗಳು 1,600 ಗಂಟೆಗಳ ಬಳಕೆಗೆ ಹಾಕಿದ್ದು. ಏಪ್ರಿಲಿನಲ್ಲಿ ನಾಲ್ಕು ವಾರ ಮಾತ್ರ ಓಡಿಸುವವರು ಐದು ನಕ್ಷತ್ರಕ್ಕೆಂದು ಹೆಚ್ಚು ಹಣ ತೆತ್ತರೆ ಅದು ಮರಳಿ ಬರಲು ಬಹಳ ಕಾಲ ಹಿಡಿದೀತು.

'ಇನ್ವರ್ಟರ್' ಎಂಬ ಪದವಂತೂ ನಮ್ಮವರನ್ನು ಚೆನ್ನಾಗಿ ಏಮಾರಿಸಿದೆ. ಕರೆಂಟು ಹೋದಾಗ ದೀಪ ಉರಿಸುವ ಬ್ಯಾಟರಿಯ ಇನ್ವರ್ಟರ್ ನಮ್ಮೆಲ್ಲರ ಮನೆಯಲ್ಲೂ ಉಂಟು. ಇನ್ವರ್ಟರ್ ಹವಾನಿಯಂತ್ರಕವೂ ಹಾಗೆಯೇ ಕರೆಂಟಿಲ್ಲದೆ ನಡೆಯುತ್ತದೆಂದು ನಂಬಿ ತಂದವರು ನಮಗೆ ಗೊತ್ತು. ಅದರಲ್ಲಿ ಬ್ಯಾಟರಿಯೇ ಇಲ್ಲ. ಮೋಟಾರಿನ ವೇಗವನ್ನು ಬೇಕಾದಂತೆ ಏರಿಸಿ ಇಳಿಸುವ ವ್ಯವಸ್ಥೆಗೆ ಆ ಹೆಸರು. ಹಳೆಯ ಬಗೆಯದು ಪೂರ್ತಿ ಓಡುತ್ತದೆ ಇಲ್ಲವೇ ಪೂರ್ತಿ ನಿಲ್ಲುತ್ತದೆ; ಇದು ನಿಧಾನವಾಗಿ ಓಡುತ್ತಲೇ ಇರುತ್ತದೆ, ಅದರಿಂದ ಯೂನಿಟ್ಟು ಉಳಿಯುತ್ತದೆ.

ಗ್ಯಾಸಿನ ವಿಷಯ ಚುಟುಕಾಗಿ. 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಓಜೋನ್ ಪದರಕ್ಕೆ ಕೆಡುಕಾಗುವ ಅನಿಲಗಳನ್ನು ಹಂತಹಂತವಾಗಿ ಬಿಡಿಸಲಾಗುತ್ತಿದೆ, ಆರ್-22 ಅಂಥದ್ದು. ಆರ್-32 ಓಜೋನಿಗೆ ಕೆಡುಕಲ್ಲ, ಆದರೆ ಸ್ವಲ್ಪ ಮಟ್ಟಿಗೆ ಹೊತ್ತಿಕೊಳ್ಳುವ ಗುಣದ್ದು; ಕೈಚಳಕದ ಊರ ಮೆಕ್ಯಾನಿಕ್ಕಿಗೆ ಅದನ್ನು ಒಪ್ಪಿಸಬೇಡಿ. "ವರ್ಷಕ್ಕೊಮ್ಮೆ ಗ್ಯಾಸ್ ತುಂಬಿಸಬೇಕು" ಎಂಬ ಮಾತನ್ನೂ ನಂಬಬೇಡಿ. ಗ್ಯಾಸು ಸೀಮೆಎಣ್ಣೆಯಂತೆ ಉರಿದು ಖರ್ಚಾಗುವುದಿಲ್ಲ. ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ. ಮೊದಲು ಸೋರಿಕೆಯನ್ನು ಮುಚ್ಚಿಸಬೇಕು.

ಇನ್ನು ನಮ್ಮ ನಿಜವಾದ ಕಷ್ಟಕ್ಕೆ ಬರೋಣ. ಘಟ್ಟದ ಮೇಲಿನವರಿಗೆ ಬೇಸಿಗೆಯ ಸೆಕೆಗಿಂತ ಆಷಾಢ ಶ್ರಾವಣಗಳ ಥಂಡಿಯೇ ದೊಡ್ಡ ಪೀಡೆ. ಪೆಟ್ಟಿಗೆಯ ಬಟ್ಟೆಗೆ ಬೂಷ್ಟು, ವಯಸ್ಸಾದವರಿಗೆ ಉಬ್ಬಸ. ಇಲ್ಲಿ ತಿಳಿಯಬೇಕಾದ ಪದ ಸಾಪೇಕ್ಷ ಆರ್ದ್ರತೆ. 20 ಡಿಗ್ರಿಯ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 17 ಗ್ರಾಂ ನೀರಾವಿಯನ್ನು ಹಿಡಿದೀತು. 30 ಡಿಗ್ರಿಯಲ್ಲಿ ಸುಮಾರು 30 ಗ್ರಾಂ ಹಿಡಿಯುತ್ತದೆ. ಪೂರ್ತಿ ತೊಯ್ದ 20 ಡಿಗ್ರಿಯ ಗಾಳಿಯನ್ನು ಸುಮ್ಮನೆ 30 ಡಿಗ್ರಿಗೆ ಬೆಚ್ಚಗೆ ಮಾಡಿದರೆ, ಒಂದು ಹನಿ ನೀರನ್ನೂ ತೆಗೆಯದೆ, ಅದರ ಆರ್ದ್ರತೆ ನೂರರಿಂದ ಸುಮಾರು 57ಕ್ಕೆ ಇಳಿಯುತ್ತದೆ. ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟ ಅಡಿಕೆ, ಬಿತ್ತನೆ ಬೀಜ ಮಳೆಗಾಲವನ್ನು ದಾಟುತ್ತಿದ್ದ ಗುಟ್ಟು ಇದೇ. ನಮ್ಮ ಅಜ್ಜಿಯಂದಿರಿಗೆ ಪದ ಗೊತ್ತಿರಲಿಲ್ಲ, ಕೆಲಸ ಗೊತ್ತಿತ್ತು. ಇದೇ ತತ್ತ್ವವನ್ನು ತಿರುಗಿಸಿದರೆ ಸಿಕ್ಕುವುದು ಇಬ್ಬನಿ ಬಿಂದು: ತೇವದ ಗಾಳಿ ತಣ್ಣನೆಯ ಮೈಗೆ ತಾಗಿ ನೀರಾಗಿ ಇಳಿಯುವ ಉಷ್ಣಾಂಶ. ಮುಂಗಾರಿನ ಮೊದಲಲ್ಲಿ ಸಿಮೆಂಟಿನ ನೆಲ ಬೆವರುವುದು ಅದರಿಂದಲೇ. ಆಗ ಕಿಟಕಿ ತೆರೆದರೆ ಇನ್ನಷ್ಟು ಬೆವರುತ್ತದೆ.

ಆದುದರಿಂದ ನೀರು ಚಿಮುಕಿಸಿ ಬೀಸುವ ಏರ್ ಕೂಲರ್ ನಮಗಲ್ಲ. ರಾಯಚೂರು, ಕಲಬುರಗಿಯ ಒಣ ಬಿಸಿಲಿನಲ್ಲಿ ಅದು ಅಗ್ಗದ ಸುಖ. ಪುತ್ತೂರು, ಸುಳ್ಯದ ಬೆವರಿನ ಸೆಕೆಯಲ್ಲಿ ನೀರು ಆರುವುದೇ ಇಲ್ಲ, ತಂಪೂ ಬರುವುದಿಲ್ಲ, ಕೋಣೆಗೆ ತೇವ ಮಾತ್ರ ಸೇರುತ್ತದೆ. ಡಿಹ್ಯುಮಿಡಿಫೈಯರ್ ಎಂಬ ತೇವಹಾರಿ ಯಂತ್ರ ಕೆಲಸಕ್ಕೆ ಬಂದೀತು. ದಿನಕ್ಕೆ ಇಷ್ಟು ಲೀಟರ್ ಎಂದು ಅದನ್ನು ಅಳೆಯುತ್ತಾರೆ, ಆದರೆ ಆ ಅಂಕಿಯನ್ನು ಸಾಮಾನ್ಯವಾಗಿ 30 ಡಿಗ್ರಿ ಉಷ್ಣಾಂಶದಲ್ಲಿ ಹಾಕಿರುತ್ತಾರೆ. ನಮ್ಮ ಜುಲೈಯ ತಣ್ಣನೆಯ ಗಾಳಿಯಲ್ಲಿ ಅದರಿಂದ ಅಷ್ಟು ನೀರು ಬರುವುದಿಲ್ಲ. ಹಂಚಿನ ಮಾಡಿನ ಕೆಳಗೆ ಮುಚ್ಚಿಗೆ ಇಲ್ಲದ ಕೋಣೆಯಲ್ಲಿ ಇಟ್ಟರಂತೂ ಇಡೀ ಮಲೆನಾಡಿನ ಗಾಳಿಯನ್ನು ಒಣಗಿಸಲು ಹೊರಟಂತೆ. ಹವಾನಿಯಂತ್ರಕಕ್ಕೂ ಇದೇ ಮಾತು: ಮೊದಲು ಮುಚ್ಚಿಗೆ, ಆಮೇಲೆ ಟನ್.

ಬೆಚ್ಚಗೆ ಮಾಡಲು ರೂಮ್ ಹೀಟರುಗಳಲ್ಲಿ ಎಣ್ಣೆಯದು, ಫ್ಯಾನಿನದು, ಕೆಂಪು ಸರಿಗೆಯದು ಎಂದು ಬೆಲೆ ಬೇರೆ ಬೇರೆ. ಕೊಡುವ ಶಾಖ ಮಾತ್ರ ಒಂದು ಯೂನಿಟ್ಟಿಗೆ 860 ಕಿಲೋಕ್ಯಾಲರಿ, ಯಾವುದೇ ಆಗಲಿ. 'ಹಾಟ್ ಅಂಡ್ ಕೋಲ್ಡ್' ಎಂಬುದು ಪಂಪಿನ ದಿಕ್ಕನ್ನು ಬದಲಿಸಿ ಹೊರಗಿನ ಶಾಖವನ್ನು ಒಳಗೆ ತರುವ ಯಂತ್ರ, ಅಂದರೆ ಹೀಟ್ ಪಂಪ್. ಎರಡು ಕಿಲೋವ್ಯಾಟಿನ ಹೀಟರು ನಾಲ್ಕು ಗಂಟೆಯಲ್ಲಿ 8 ಯೂನಿಟ್ಟು ತಿಂದು ಕೊಡುವ ಶಾಖವನ್ನು ಇದು ಮೂರರ ಆಸುಪಾಸಿನಲ್ಲಿ ಕೊಟ್ಟೀತು. ನಮ್ಮ ಹಿರಿಯ ಸದಸ್ಯರ ಕಾಗದದಲ್ಲಿ ನಮಗೆ ಮೆಚ್ಚಿಕೆಯಾದ ಪದ ಇದೊಂದೇ. ಅವರ ಮನೆಯಲ್ಲಿ ಉಬ್ಬಸದ ತಾಯಿ ಇದ್ದಾರೆ. 'ಡ್ರೈ' ಗುಂಡಿಯನ್ನು ಮಾತ್ರ ಜುಲೈಯಲ್ಲಿ ಒತ್ತಬೇಡಿರೆಂದು ಹೇಳಿ ಕಳಿಸಿದೆವು: ಅದು ತೇವದ ಜೊತೆಗೆ ಚಳಿಯನ್ನೂ ತರುತ್ತದೆ.

ಸ್ನಾನದ ನೀರಿನ ಗೀಸರಿನಲ್ಲಿ ವೋಲ್ಟೇಜಿನ ಲೆಕ್ಕ ಮುಖ್ಯ. 15 ಲೀಟರನ್ನು 20ರಿಂದ 60 ಡಿಗ್ರಿಗೆ ಏರಿಸಲು 600 ಕಿಲೋಕ್ಯಾಲರಿ, ಅಂದರೆ ಮುಕ್ಕಾಲು ಯೂನಿಟ್ಟಿಗಿಂತ ತುಸು ಕಡಿಮೆ ಸಾಕು. ಎರಡು ಕಿಲೋವ್ಯಾಟಿನ ಗೀಸರಿಗೆ ಇಪ್ಪತ್ತೊಂದು ನಿಮಿಷದ ಕೆಲಸ. ಆದರೆ ಶಾಖ ವೋಲ್ಟೇಜಿನ ವರ್ಗಕ್ಕೆ ಅನುಗುಣ. 230ರ ಬದಲು 180 ವೋಲ್ಟ್ ಬಂದರೆ ಶಕ್ತಿ ನೂರಕ್ಕೆ 61ಕ್ಕೆ ಇಳಿಯುತ್ತದೆ. ಗೀಸರು ಕೆಟ್ಟಿದೆಯೆಂದು ಅಂಗಡಿಗೆ ಹೊರುವ ಮೊದಲು ಮೀಟರಿನಲ್ಲಿ ವೋಲ್ಟೇಜು ನೋಡಿಸಿ. ಸೌದೆ, ಅಡಿಕೆ ಸಿಪ್ಪೆ ಇರುವ ಮನೆಯಲ್ಲಿ ಹಂಡೆ ಒಲೆಯನ್ನು ಕಿತ್ತುಹಾಕಲು ನಮಗಂತೂ ಕಾರಣ ಕಾಣದು.

ಗ್ಯಾಸ್ ಗೀಸರು ಮತ್ತು ಮಲಗುವ ಕೋಣೆಯ ಕೆಂಡದ ಅಗ್ಗಿಷ್ಟಿಕೆಯ ವಿಷಯದಲ್ಲಿ ನಾವು ಸುಮ್ಮನಿರಲಾರೆವು. ಗಾಳಿ ಸಾಲದ ಕಡೆ ಉರಿ ಅರೆಬರೆಯಾಗಿ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕೆಮ್ಮೂ ಬರುವುದಿಲ್ಲ. ರಕ್ತ ಅದನ್ನು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಕ್ಕಿ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ, ಆಮೇಲೆ ಎಚ್ಚರ ತಪ್ಪುವುದು. ಬಾಗಿಲು ಹಾಕಿದ ಬಚ್ಚಲಿನಲ್ಲಿ ಸ್ನಾನಕ್ಕೆ ಹೋದವರು ಹೀಗೆ ಸತ್ತ ವರದಿಗಳು ನಮ್ಮ ರಾಜ್ಯದಿಂದಲೇ ಪತ್ರಿಕೆಗಳಲ್ಲಿ ಬಂದಿವೆ. ಗ್ಯಾಸ್ ಗೀಸರು ಬಚ್ಚಲಿನ ಹೊರಗೋಡೆಯ ಮೇಲಿರಲಿ, ಹೊಗೆಯ ಕೊಳವೆ ಬಯಲಿಗೆ ತೆರೆಯಲಿ. ಕೆಂಡವನ್ನು ಮಲಗುವ ಮೊದಲು ಹೊರಗಿಡಿ. ಒಂದೇ ಕೋಣೆಯಲ್ಲಿ ಇಬ್ಬರಿಗೆ ಒಟ್ಟಿಗೆ ತಲೆ ನೋಯತೊಡಗಿದರೆ ಅಮೃತಾಂಜನ ಹುಡುಕದೆ ಮೊದಲು ಅಂಗಳಕ್ಕೆ ಬನ್ನಿ, ಆಮೇಲೆ ಆಸ್ಪತ್ರೆಗೆ.

ಕೊಟೇಶನ್ ಕಾಗದಗಳನ್ನು ತಂದ ಸದಸ್ಯರಿಗೆ ಸಂತೆಯ ದಿನ ಮಧ್ಯಾಹ್ನ ಕಚೇರಿಯಲ್ಲಿ ಓದಿ ಹೇಳಲಾಗುವುದು. ಕೋಣೆಯ ಉದ್ದಗಲ, ಮಾಡಿನ ಎತ್ತರ, ಮುಚ್ಚಿಗೆ ಇದೆಯೋ ಇಲ್ಲವೋ, ಸಂಜೆ ಏಳರ ವೇಳೆಗೆ ಬರುವ ವೋಲ್ಟೇಜು ಇಷ್ಟನ್ನು ಬರೆದು ತರಬೇಕು.