ಪೇಟೆಯ ಬೀದಿಯೂ ಪೌರರ ನ್ಯಾಯವೂ

ಒಂದು ಊರಿನ ಆಡಳಿತ ಹೇಗಿದೆಯೆಂದು ಅರಿಯಬೇಕಾದವರು ಕಚೇರಿಯ ದಪ್ತರಗಳನ್ನು ತಿರುವಿಹಾಕುವ ಕಾರಣವಿಲ್ಲ. ಆ ಊರಿನ ಪೇಟೆಯ ಬೀದಿಯಲ್ಲಿ ಒಮ್ಮೆ ನಡೆದು ಬಂದರೆ ಸಾಕು. ಬ್ಯಾಡಗಿಯ ಮುಖ್ಯ ಬೀದಿಯ ವಿಸ್ತರಣದ ಪ್ರಶ್ನೆಯು ದಶಕಕ್ಕೂ ಮಿಕ್ಕಿದ ಕಾಲ ಎಳೆದಾಡಲ್ಪಟ್ಟ ಬಗೆಯು ನಮ್ಮ ವಾಚಕರಿಗೆ ತಿಳಿಯದ ಸಂಗತಿಯಲ್ಲ. ಮನವಿಪತ್ರಗಳಾದವು, ಧರಣಿಗಳಾದವು, ಅಂಗಡಿಗಳ ಬಾಗಿಲು ಮುಚ್ಚಿ ಊರೇ ಬಂದ್ ಆಯಿತು, ನ್ಯಾಯಾಲಯದಲ್ಲಿ ದಾವೆಗಳೂ ನಡೆದವು. ಒಂದು ಮೈಲಿಯಷ್ಟೂ ಉದ್ದವಿಲ್ಲದ ಬೀದಿಗಾಗಿ ಒಂದು ಪಟ್ಟಣವು ಇಷ್ಟು ವರ್ಷ ತನ್ನೊಳಗೆ ತಾನೇ ಹೋರಾಡಿತೆಂದರೆ, ಅದರ ಕಾರಣವನ್ನು ಕೇವಲ ಕಲ್ಲುಮಣ್ಣಿನಲ್ಲಿ ಹುಡುಕಿದರೆ ಸಿಕ್ಕಲಾರದು. ಹಾವೇರಿ, ರಾಣೇಬೆನ್ನೂರುಗಳ ಪೌರರೂ ಈ ವಿಷಯವನ್ನು ಪರರ ಮನೆಯ ಜಗಳವೆಂದು ತಿಳಿಯದೆ ಲಕ್ಷ್ಯವಿಟ್ಟು ವಿಚಾರಿಸಬೇಕೆಂಬುದು ನಮ್ಮ ವಿನಂತಿ.

ಬ್ಯಾಡಗಿಯು ಚಿಕ್ಕ ಊರಾದರೂ ಅದರ ವ್ಯಾಪಾರ ಚಿಕ್ಕದಲ್ಲ. ಆ ಊರಿನ ಹೆಸರು ಹೊತ್ತ ಮೆಣಸಿನಕಾಯಿಯು ತನ್ನ ಕೆಂಬಣ್ಣದಿಂದಲೂ ಮೃದುವಾದ ಖಾರದಿಂದಲೂ ದೇಶಾಂತರಗಳಲ್ಲಿ ಹೆಸರಾಗಿ, 2011ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯನ್ನು ಪಡೆಯಿತು. ಸುಗ್ಗಿಯ ತಿಂಗಳುಗಳಲ್ಲಿ ಸೋಮವಾರ, ಗುರುವಾರಗಳ ಪೇಟೆಗೆ ಗದಗ, ಕೊಪ್ಪಳ, ಬಳ್ಳಾರಿ, ರಾಯಚೂರುಗಳಿಂದಲೂ ನೆರೆಯ ಆಂಧ್ರದ ಕರ್ನೂಲಿನ ಕಡೆಯಿಂದಲೂ ಕಡ್ಡಿ, ಡಬ್ಬಿ ಕಾಯಿಗಳ ಚೀಲಗಳು ಕೆಲವು ದಿನ ಲಕ್ಷಗಟ್ಟಲೆಯಾಗಿ ಬಂದು ಬೀಳುತ್ತವೆ. ಇಷ್ಟೊಂದು ಸರಕನ್ನು ಬರಮಾಡಿಕೊಳ್ಳುವ ಊರಿನ ನಡುಬೀದಿಯಾದರೋ ಚಕ್ಕಡಿಗಳ ಕಾಲದಲ್ಲಿ ಬೆಳೆದದ್ದು. ಅಂದು ಎರಡು ಚಕ್ಕಡಿಗಳು ಎದುರುಬದುರಾಗಿ ಸರಿದುಹೋದರೆ ಅದೇ ರಾಜಮಾರ್ಗ. ಇಂದು ಆ ಬೀದಿಯೇ ಗಜೇಂದ್ರಗಡ–ಸೊರಬ ರಾಜ್ಯ ಹೆದ್ದಾರಿಯೂ ಆಗಿದೆ. ಲಾರಿ, ಬಸ್ಸು, ಟ್ರಾಕ್ಟರು, ಶಾಲೆಯ ಮಕ್ಕಳು, ತಲೆಯ ಮೇಲೆ ಬುಟ್ಟಿ ಹೊತ್ತ ಹೆಣ್ಣುಮಕ್ಕಳು ಎಲ್ಲರಿಗೂ ಅದೊಂದೇ ದಾರಿ. ಹೀಗಿರಲು ಬೀದಿಯು ಅಗಲವಾಗಬೇಕೆಂಬ ಕೂಗು ಎದ್ದುದರಲ್ಲಿ ಆಶ್ಚರ್ಯವೇನು?

ಆದರೆ ಇನ್ನೊಂದು ಪಕ್ಷದ ಮಾತನ್ನೂ ಕೇಳಬೇಡವೇ? ಪೇಟೆಯ ಬೀದಿಯ ಅಂಗಡಿಯೆಂದರೆ ಬಹುತೇಕ ಹಿಂದೆ ಮನೆ, ಮುಂದೆ ವ್ಯಾಪಾರ. ಇಪ್ಪತ್ತು ಅಡಿ ಆಳದ ಅಂಗಡಿಯಲ್ಲಿ ಹದಿನೈದು ಅಡಿ ಹೋದರೆ ಉಳಿಯುವುದು ಅಂಗಡಿಯಲ್ಲ, ಗೂಡು. ಅಜ್ಜನ ಕಾಲದಿಂದ ಪಟ್ಟಿ ಕಟ್ಟಿ, ಖರೀದಿಪತ್ರ ಇಟ್ಟುಕೊಂಡು ಬದುಕಿದವನನ್ನು ಒಂದು ಬೆಳಗ್ಗೆ ಅತಿಕ್ರಮಣಕಾರನೆಂದು ಕರೆದರೆ ಅವನು ಸುಮ್ಮನಿರಲಾರನು. ರಸ್ತೆ ಬೇಕೆನ್ನುವವರು ದುಷ್ಟರಲ್ಲ. ಅಂಗಡಿ ಉಳಿಯಬೇಕೆನ್ನುವವರು ಊರಿನ ದ್ರೋಹಿಗಳಲ್ಲ. ಇಬ್ಬರಿಗೂ ಸಾಲುವಷ್ಟು ನ್ಯಾಯವನ್ನು ಅಳೆದು ಕೊಡುವ ಕೈಯೇ ಇಲ್ಲಿ ಬೇಕಾದದ್ದು.

ನಮ್ಮ ಅಭಿಪ್ರಾಯದಲ್ಲಿ ಈ ಬಗೆಯ ವಿವಾದಗಳಲ್ಲಿ ಅತ್ಯಂತ ದೊಡ್ಡ ಕೇಡು ಕೆಡಹುವುದರಿಂದಲೂ ಆಗುವುದಿಲ್ಲ, ಬಿಡುವುದರಿಂದಲೂ ಆಗುವುದಿಲ್ಲ. ಎರಡರ ನಡುವೆ ವರ್ಷಾನುಗಟ್ಟಲೆ ತೂಗಾಡಿಸುವುದರಿಂದ ಆಗುತ್ತದೆ. ನಾಳೆ ಬೀಳಬಹುದಾದ ಗೋಡೆಗೆ ಯಾರು ಇಂದು ಸುಣ್ಣ ಬಳಿಯುತ್ತಾರೆ? ಅಗೆಯಬೇಕಾದ ಬೀದಿಯಲ್ಲಿ ಪುರಸಭೆಯವರು ಏಕೆ ಗಟಾರ ಕಟ್ಟುತ್ತಾರೆ? ಅಂಗಡಿಯನ್ನು ಮಾರಹೋದರೆ ಕೊಳ್ಳುವವನಿಲ್ಲ. ಅದರ ಮೇಲೆ ಸಾಲ ಕೊಡಲು ಬ್ಯಾಂಕಿನವರು ಹಿಂಜರಿಯುತ್ತಾರೆ. ಬಾಡಿಗೆದಾರನು ಹೊಸ ಸರಕು ತುಂಬಲು ಅಂಜುತ್ತಾನೆ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಷ್ಯವೆಂದು ನಮ್ಮಲ್ಲಿ ಗಾದೆಯುಂಟು. ಒಂದು ಚುನಾವಣೆಯ ಮಟ್ಟಿಗೆ ದೊಣ್ಣೆ ತಪ್ಪಿದರಾಯಿತೆಂದು ಮುಂದಾಳುಗಳು ಈ ಗಾದೆಯನ್ನೇ ರಾಜನೀತಿಯನ್ನಾಗಿ ಮಾಡಿಕೊಂಡರೆ, ಏಟು ತಿನ್ನುವುದು ಇಡಿಯ ಬೀದಿ.

ಹಾಗಾದರೆ ದಾರಿ ಯಾವುದು? ದಾರಿಯನ್ನು ದೇಶದ ಸರ್ವೋಚ್ಚ ನ್ಯಾಯಾಲಯವೇ ತೋರಿಸಿಕೊಟ್ಟಿದೆ. ಉತ್ತರ ಪ್ರದೇಶದ ಮಹಾರಾಜಗಂಜದಲ್ಲಿ 2019ರಲ್ಲಿ ರಸ್ತೆ ವಿಸ್ತರಣದ ಹೆಸರಿನಿಂದ ಒಬ್ಬ ಪೌರನ ಮನೆಯನ್ನು ಯಥಾವಿಧಿಯಾದ ನೋಟೀಸಿಲ್ಲದೆ ಕೆಡವಲಾಯಿತು. ಈ ಪ್ರಕರಣದಲ್ಲಿ 2024ರ ನವೆಂಬರ 6ರಂದು ನ್ಯಾಯಾಲಯವು ಅವನಿಗೆ 25 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಆಜ್ಞಾಪಿಸಿ, ಎಲ್ಲ ರಾಜ್ಯಗಳೂ ಪಾಲಿಸತಕ್ಕ ಒಂದು ಕ್ರಮವನ್ನು ವಿಧಿಸಿತು. ಮೊದಲು ಸರಕಾರಿ ದಾಖಲೆ, ನಕ್ಷೆಗಳಿಂದ ಈಗಿರುವ ರಸ್ತೆಯ ಅಗಲವೆಷ್ಟೆಂದು ನಿಶ್ಚಯಿಸಬೇಕು. ಬಳಿಕ ಅಳತೆ ಮಾಡಿ ಅತಿಕ್ರಮಣ ಉಂಟೋ ಇಲ್ಲವೋ ನೋಡಬೇಕು. ಉಂಟಾದರೆ ಲಿಖಿತ ನೋಟೀಸು ಕೊಡಬೇಕು. ಆಕ್ಷೇಪ ಬಂದರೆ ಕಾರಣಸಹಿತವಾಗಿ ತೀರ್ಮಾನಿಸಬೇಕು. ಆಕ್ಷೇಪ ನಿಲ್ಲದಿದ್ದರೆ ತೆರವಿಗೆ ತಕ್ಕಷ್ಟು ಕಾಲ ಕೊಡಬೇಕು. ರಸ್ತೆಯೂ ಅದರ ಪಕ್ಕದ ಸರಕಾರಿ ನೆಲವೂ ಕೂಡಿ ಸಾಲದಿದ್ದರೆ ಖಾಸಗಿಯವರ ನೆಲವನ್ನು ಕಾಯದೆಯ ಪ್ರಕಾರ ಭೂಸ್ವಾಧೀನ ಮಾಡಿಯೇ ಪಡೆಯಬೇಕು. ಇದರಲ್ಲಿ ಗೂಢವಾದ ಶಾಸ್ತ್ರವೇನೂ ಇಲ್ಲ. ಅಳೆ, ತಿಳಿಸು, ಕೇಳು, ಕೊಡು, ಆಮೇಲೆ ಕೆಡಹು: ಇಷ್ಟೇ. ಈ ಕ್ರಮವನ್ನು ತಿರುಗುಮುರುಗು ಮಾಡಿದಲ್ಲೆಲ್ಲ ಕೋರ್ಟು ಕಚೇರಿಗಳ ಮೆಟ್ಟಿಲು ಸವೆಯುತ್ತದೆ.

ಕೊಡುವ ವಿಷಯದಲ್ಲಿಯೂ ಕಾಯದೆಯು ಮೂಕವಾಗಿಲ್ಲ. 1894ರ ಹಳೆಯ ಬ್ರಿಟಿಶ್ ಕಾಯದೆಯನ್ನು ತೆಗೆದುಹಾಕಿ 2014ರ ಜನವರಿ 1ರಿಂದ ಜಾರಿಗೆ ಬಂದ 2013ರ ಭೂಸ್ವಾಧೀನ ಕಾಯದೆಯು, ಆಸ್ತಿಯ ಬೆಲೆಯ ಮೇಲೆ ಅಷ್ಟೇ ಮೊತ್ತವನ್ನು ಸಾಂತ್ವನ ಧನವಾಗಿ ಕೂಡಿಸಿ ಕೊಡಬೇಕೆಂದು ಹೇಳುತ್ತದೆ. ಅದಕ್ಕಿಂತಲೂ ಮುಖ್ಯವಾದ ಮಾತೊಂದುಂಟು. ಸ್ವಾಧೀನಕ್ಕೆ ಮುಂಚೆ ಮೂರು ವರ್ಷ ಅಲ್ಲಿ ಬಾಡಿಗೆದಾರರಾಗಿಯೋ ಕಸಬುದಾರರಾಗಿಯೋ ದುಡಿಯುತ್ತಿದ್ದು, ಸ್ವಾಧೀನದಿಂದ ಮುಖ್ಯ ಜೀವನೋಪಾಯವನ್ನು ಕಳೆದುಕೊಳ್ಳುವವರ ಕುಟುಂಬಗಳೂ ಬಾಧಿತ ಕುಟುಂಬಗಳೇ ಎಂದು ಅದು ಎಣಿಸುತ್ತದೆ. ನಮ್ಮ ಪೇಟೆಗಳಲ್ಲಿ ಇವರ ಮಾತನ್ನು ಆಡುವವರು ಕಡಿಮೆ. ಕಟ್ಟಡದ ಯಜಮಾನನಿಗೆ ಪರಿಹಾರ ಬರುತ್ತದೆ, ಉಳಿದ ನೆಲದ ಬೆಲೆಯೂ ಏರುತ್ತದೆ. ಆದರೆ ಅವನ ಅಂಗಡಿಯಲ್ಲಿ ಹೊಲಿಗೆಯ ಯಂತ್ರವಿಟ್ಟುಕೊಂಡ ಸಿಂಪಿಗನಿಗೆ, ಗಡಿಯಾರ ರಿಪೇರಿಯವನಿಗೆ, ಚಹದಂಗಡಿಯವನಿಗೆ ಏನು ಗತಿ? ಹಾಗೆಯೇ 2014ರ ಬೀದಿ ವ್ಯಾಪಾರಿಗಳ ಕಾಯದೆಯು ಪಟ್ಟಣ ಮಾರಾಟ ಸಮಿತಿಯಲ್ಲಿ ನೂರಕ್ಕೆ ನಲವತ್ತಕ್ಕೆ ಕಡಿಮೆಯಿಲ್ಲದಷ್ಟು ಸ್ಥಾನಗಳನ್ನು ಆ ವ್ಯಾಪಾರಿಗಳಿಗೇ ಕೊಟ್ಟಿದೆ. ಅವುಗಳಲ್ಲಿ ಮೂರರಲ್ಲೊಂದು ಪಾಲು ಹೆಣ್ಣುಮಕ್ಕಳಿಗೆ ಮೀಸಲು. ಕಾಯಿಪಲ್ಲೆಯ ಬುಟ್ಟಿ ಇಡುವವಳನ್ನು ಎಬ್ಬಿಸುವ ಮುನ್ನ ಅವಳ ಪ್ರತಿನಿಧಿಗಳನ್ನು ಕೇಳಬೇಕೆಂಬುದು ದಯೆಯ ಮಾತಲ್ಲ, ಕಾಯದೆಯ ಮಾತು.

ಇನ್ನು ಅಗಲದ ಮಾತು. ಬೀದಿಯನ್ನು ದಾರ ಹಿಡಿದು ನೇರವಾಗಿ ಕೊಯ್ದರೆ ಊರು ಸುಧಾರಿಸಿತೆಂಬ ಭ್ರಮೆ ಹಳೆಯದು. 1914ರಲ್ಲಿ ನಮ್ಮ ದೇಶಕ್ಕೆ ಬಂದು ತಂಜಾವೂರು, ಮಧುರೆ ಮೊದಲಾದ ಊರುಗಳನ್ನು ಓಣಿ ಓಣಿ ತಿರುಗಿ ನೋಡಿದ ಪ್ಯಾಟ್ರಿಕ್ ಗೆಡ್ಡೀಸ್ ಎಂಬ ಸ್ಕಾಟ್ಲಂಡಿನ ವಿದ್ವಾಂಸನು ಈ ಪದ್ಧತಿಯನ್ನು ಕಟುವಾಗಿ ಖಂಡಿಸಿದನು. ಒಳ್ಳೆಯ ಶಸ್ತ್ರವೈದ್ಯನು ಕೆಟ್ಟ ಭಾಗವನ್ನಷ್ಟೇ ತೆಗೆದು ಉಳಿದ ದೇಹವನ್ನು ಕಾಪಾಡುವಂತೆ ಊರಿಗೂ ಚಿಕಿತ್ಸೆ ಮಾಡಬೇಕೆಂಬುದು ಅವನ ಮತ. ಎಲ್ಲಿ ಕತ್ತು ಹಿಸುಕಿದಂತಿದೆಯೋ ಅಲ್ಲಿ ತೆರವು ಮಾಡಿ, ಎಲ್ಲಿ ಪಾಳು ಬಿದ್ದಿದೆಯೋ ಅಲ್ಲಿ ಬಯಲು ಬಿಟ್ಟು, ನಿಂತ ಮನೆಗಳನ್ನು ಆದಷ್ಟು ಉಳಿಸಿಕೊಳ್ಳಬೇಕು. ಖರ್ಚೂ ಕಡಿಮೆ, ಕಣ್ಣೀರೂ ಕಡಿಮೆ. ನಮ್ಮ ಈ ಪ್ರಾಂತವು 1956ರ ವರೆಗೆ ಮುಂಬಯಿಯ ಆಡಳಿತಕ್ಕೆ ಸೇರಿದ್ದ ಕಾರಣ, 1915ರ ಮುಂಬಯಿ ನಗರಯೋಜನಾ ಕಾಯದೆಯ ತತ್ತ್ವವೂ ನಮಗೆ ಪರಕೀಯವಲ್ಲ. ಒಂದು ಪ್ರದೇಶದ ನೆಲವನ್ನೆಲ್ಲ ಒಟ್ಟಿಗೆ ಲೆಕ್ಕ ಹಿಡಿದು, ರಸ್ತೆಗೆ ಬೇಕಾದ ಪಾಲನ್ನು ಎಲ್ಲರಿಂದಲೂ ತೆಗೆದುಕೊಂಡು, ಮರುಹಂಚಿಕೆ ಮಾಡಿ, ಬೆಲೆಯೇರಿಕೆಯಿಂದ ಲಾಭ ಪಡೆದವರಿಂದ ಒಂದು ಅಂಶವನ್ನು ಸಾರ್ವಜನಿಕ ಕಾರ್ಯಕ್ಕೆ ಕೂಡಿಸುವುದೇ ಆ ತತ್ತ್ವ. ಕರ್ನಾಟಕದ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯದೆಯಲ್ಲಿಯೂ ಇಂಥ ಯೋಜನೆಗೆ ಅವಕಾಶವಿದೆ. ಬೀದಿಯ ಅಂಚಿನಲ್ಲಿದ್ದವನೇ ಎಲ್ಲ ನಷ್ಟವನ್ನು ಹೊತ್ತು, ಹಿಂದಿನ ಓಣಿಯವನು ಪುಕ್ಕಟೆಯಾಗಿ ಮುಂಬೀದಿಯ ಯಜಮಾನನಾಗುವುದು ಯಾವ ನ್ಯಾಯ?

ಅಗಲವೊಂದೇ ಔಷಧವೆಂದೂ ನಾವು ನಂಬುವವರಲ್ಲ. ಹಾವೇರಿ, ರಾಣೇಬೆನ್ನೂರುಗಳ ನಡುವಿನಿಂದ ಹಾದುಹೋಗುತ್ತಿದ್ದ ಪುಣೆ–ಬೆಂಗಳೂರು ಹೆದ್ದಾರಿಯು ಈಗ ಊರ ಹೊರಗಿನಿಂದ ಸಾಗುತ್ತದೆ. ಹಳೆಯ ದಾರಿಯು ಪಿ.ಬಿ. ರಸ್ತೆಯೆಂಬ ಹೆಸರನ್ನು ಉಳಿಸಿಕೊಂಡು ಊರಿನವರ ಬಳಕೆಗೆ ಒದಗಿದೆ. ದೂರದ ಲಾರಿಗಳು ಹೊರಗಾದ ಮೇಲೂ ಆ ಬೀದಿಗಳ ವ್ಯಾಪಾರ ಸತ್ತುಹೋಗಲಿಲ್ಲವೆಂಬುದನ್ನು ಬ್ಯಾಡಗಿಯ ವರ್ತಕರು ಗಮನಿಸಬೇಕು. ಅರಿವೆಯ ಅಂಗಡಿಗೆ ಗಿರಾಕಿಯನ್ನು ತರುವುದು ಸೊರಬಕ್ಕೆ ಓಡುವ ಲಾರಿಯಲ್ಲ. ನೆರಳಿನಲ್ಲಿ ನಿಂತು ನಾಲ್ಕು ಅಂಗಡಿ ನೋಡುವ ನಡಿಗೆಯವನು. ಆದುದರಿಂದ ಭಾರದ ವಾಹನಗಳಿಗೆ ಊರ ಹೊರಗಿನ ಸುತ್ತುದಾರಿಯನ್ನೂ, ಪೇಟೆಯ ಬೀದಿಗೆ ನಡೆಯುವವರ ಅನುಕೂಲವನ್ನೂ ಕೂಡಿಸಿಯೇ ಯೋಚಿಸತಕ್ಕದ್ದು. ಸುತ್ತುದಾರಿಯಿಲ್ಲದೆ ಬೀದಿಯನ್ನು ಅಗಲಿಸಿದರೆ ಲಾರಿಗಳು ಇನ್ನೂ ವೇಗವಾಗಿ ಓಡಿಯಾವು. ಅಗಲಿಸಿದ ಜಾಗದಲ್ಲಿ ಮೋಟರುಗಳು ನಿಂತು ಬೀದಿಯು ಮತ್ತೆ ಮೊದಲಿನಷ್ಟೇ ಆದೀತು.

ಈ ಬಗೆಯ ಕೆಲಸ ಎಲ್ಲಿಯೇ ನಡೆಯಲಿ, ನಾವು ಅಧಿಕಾರಿಗಳಿಗೆ ಸೂಚಿಸುವುದು ಇಷ್ಟು. ಅಳತೆಯ ನಕ್ಷೆಯನ್ನು ಪುರಸಭೆಯ ಗೋಡೆಗೆ ಎಲ್ಲರಿಗೂ ಕಾಣುವಂತೆ ಕನ್ನಡದಲ್ಲಿ ಬರೆದು ಹಚ್ಚಲಿ. ಯಾರ ಅಂಗಡಿ ಎಷ್ಟು ಅಡಿ ಹೋಗುವುದೆಂಬುದು ಪಿಸುಮಾತಿನಿಂದ ತಿಳಿಯುವಂತಾಗಬಾರದು. ಪ್ರಬಲನ ಕಟ್ಟಡದ ಮುಂದೆ ಗೆರೆ ಬಾಗಿ ದುರ್ಬಲನ ಮುಂದೆ ನೆಟ್ಟಗಾಗಬಾರದು. ಗೆರೆಯು ಒಮ್ಮೆ ಬಾಗಿದರೆ ಜನರ ವಿಶ್ವಾಸವೂ ಅಲ್ಲಿಯೇ ಮುರಿಯುತ್ತದೆ. ಪರಿಹಾರದ ಹಣವು ಹಾರೆಗಿಂತ ಮೊದಲು ಮನೆ ಮುಟ್ಟಲಿ. ಬಾಡಿಗೆದಾರರಿಗೆ ಪುರಸಭೆಯ ಮಳಿಗೆಗಳಲ್ಲಿ ಮೊದಲ ಹಕ್ಕು ಸಿಗಲಿ. ಕೆಡಹಿದ ಬಳಿಕ ಗಟಾರ, ನೀರಿನ ಕೊಳವೆ, ವಿದ್ಯುತ್ತಿನ ತಂತಿ ಇವೆಲ್ಲ ಒಂದೇ ಸಲಕ್ಕೆ ನೆಲದಡಿ ಹೋಗಲಿ. ಇಂದು ಡಾಂಬರು, ನಾಳೆ ಅಗೆತ ಎಂಬ ವಿನೋದ ಸಾಕು. ಕೆಲಸವು ಸುಗ್ಗಿಯ ಹೊತ್ತಿಗೆ ಅರ್ಧಕ್ಕೆ ನಿಂತು ಧೂಳಾಗದಂತೆ ಕಾಲವನ್ನು ಗೊತ್ತುಮಾಡಲಿ.

ವರ್ತಕರಿಗೂ ನಮ್ಮ ಎರಡು ಮಾತುಂಟು. ಖರೀದಿಪತ್ರದೊಳಗಿನ ಒಂದು ಗೇಣನ್ನೂ ಪರಿಹಾರವಿಲ್ಲದೆ ಬಿಡಬೇಡಿರಿ. ಪತ್ರದ ಹೊರಗಿನ ಒಂದು ಗೇಣನ್ನೂ ಹಟದಿಂದ ಹಿಡಿಯಬೇಡಿರಿ. ಗಟಾರದ ಮೇಲೆ ಕಟ್ಟಿದ ಕಟ್ಟೆ, ಬೀದಿಗೆ ಚಾಚಿದ ತಗಡಿನ ಚಪ್ಪರ, ಬಾಗಿಲ ಮುಂದೆ ಪೇರಿಸಿದ ಸರಕು ಇವುಗಳಿಗೆ ಯಾವ ಅಜ್ಜನ ಹಕ್ಕೂ ಇಲ್ಲ. ಅವನ್ನು ತಾವಾಗಿ ತೆಗೆದವನ ನ್ಯಾಯದ ಬೇಡಿಕೆಗೆ ಬಲ ಹೆಚ್ಚು.

ಬ್ಯಾಡಗಿಯಿಂದ ಕೆಲವೇ ಕಿಲೋಮೀಟರು ದೂರದ ಮೋಟೆಬೆನ್ನೂರು ಮೈಲಾರ ಮಹಾದೇವಪ್ಪನವರ ಜನ್ಮಭೂಮಿ. ಗಾಂಧೀಜಿಯವರೊಡನೆ 1930ರಲ್ಲಿ ದಂಡಿಯ ವರೆಗೆ ನಡೆದ ಆ ವೀರರು 1943ರ ಏಪ್ರಿಲ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಎದೆಯೊಡ್ಡಿದರು. ಅಂಥವರು ಗಳಿಸಿಕೊಟ್ಟ ಸ್ವರಾಜ್ಯವು ದಿಲ್ಲಿಯಲ್ಲಿ ಮಾತ್ರ ಇರುವ ವಸ್ತುವಲ್ಲ. ಸರದಾರ ಪಟೇಲರು 1924ರಿಂದ 1928ರ ವರೆಗೆ ಅಹಮದಾಬಾದಿನ ಪೌರಸಭೆಯ ಅಧ್ಯಕ್ಷರಾಗಿ ಗಟಾರ, ನೀರು, ನೈರ್ಮಲ್ಯಗಳ ಕೆಲಸವನ್ನು ಕೀಳೆಂದೆಣಿಸದೆ ನಡೆಸಿದರು. ರಾಜಾಜಿಯವರು 1917ರಲ್ಲಿ ಸೇಲಮಿನ ಪೌರಸಭೆಯ ಅಧ್ಯಕ್ಷಪೀಠವನ್ನೇರಿದರು. ಪೇಟೆಯ ಬೀದಿಯನ್ನು ನ್ಯಾಯವಾಗಿ ಅಳೆಯಬಲ್ಲ ಊರು ರಾಷ್ಟ್ರದ ಕಾರ್ಯವನ್ನೂ ಅಳೆಯಬಲ್ಲದೆಂದು ಅವರು ಬಲ್ಲರು. ಹಾವೇರಿ ಜಿಲ್ಲೆಯ ಮೂರು ಪೇಟೆಗಳ ಪೌರರು ಪಕ್ಷಭೇದವನ್ನು ಬದಿಗಿಟ್ಟು ಒಂದೆಡೆ ಕುಳಿತು, ಯಾರ ಮೇಲೆ ಎಷ್ಟು ಭಾರವೆಂದು ಬಾಯಿಬಿಟ್ಟು ಹೇಳಿ, ಹೇಳಿದ್ದನ್ನು ಹೇಳಿದ ದಿನಕ್ಕೆ ನಡೆಸಬೇಕೆಂದು ನಾವು ಪ್ರಾರ್ಥಿಸುತ್ತೇವೆ.