ಆಮೆಯ ಕೊಕ್ಕು ಮತ್ತು ಉಗುರು: ಮಾರುವವರೂ ಅರಿತಿರಬೇಕಾದ ಆರೈಕೆ

ಅಲಂಕಾರಿಕ ಮೀನುಗಳ ಅಂಗಡಿಯ ಗಾಜಿನ ತೊಟ್ಟಿಯಲ್ಲಿ ಈಜಾಡುವ, ಕಣ್ಣಿನ ಹಿಂಬದಿಯಲ್ಲಿ ಕೆಂಪು ಪಟ್ಟಿಯುಳ್ಳ ಹಸಿರು ಆಮೆಮರಿ ಇಂದು ಸಣ್ಣ ಪಟ್ಟಣಗಳ ಗ್ರಾಹಕರಿಗೂ ಅಪರಿಚಿತವಲ್ಲ. 'ರೆಡ್ ಇಯರ್ಡ್ ಸ್ಲೈಡರ್' ಎಂಬ ಈ ಜಾತಿ ಅಮೆರಿಕ ಮೂಲದ್ದು. ಕೊಳ್ಳುವಾಗ ಅಂಗೈಯಲ್ಲಿ ಅಡಗುವ ಮರಿ 25ರಿಂದ 30 ಸೆಂ.ಮೀ. ಉದ್ದಕ್ಕೆ ಬೆಳೆಯಬಲ್ಲದು, ಇಪ್ಪತ್ತು ವರ್ಷಕ್ಕೂ ಮೀರಿ ಬಾಳಬಲ್ಲದು. ಮಾರಾಟದ ವೇಳೆ ಈ ಸಂಗತಿಯನ್ನು ತಿಳಿಸುವವರು ವಿರಳ. ಕೆಲವು ವರ್ಷಗಳಲ್ಲಿ ಕೊಕ್ಕು ಬಾಗಿ, ಉಗುರು ಸುರುಳಿಗೊಂಡು, ಆಹಾರ ಕಚ್ಚಲಾರದ ಸ್ಥಿತಿಗೆ ಬಂದ ಆಮೆಯನ್ನು ಹತ್ತಿರದ ಕೆರೆಗೆ ಬಿಟ್ಟು ಕೈತೊಳೆದುಕೊಳ್ಳುವ ಪರಿಪಾಠವೂ ಇದೆ. ಗ್ರಾಹಕ, ಪ್ರಾಣಿ ಹಾಗೂ ಪರಿಸರ ಮೂರಕ್ಕೂ ಇದರಿಂದ ನಷ್ಟ.

ಮೊದಲು ಕಾನೂನು

ನಕ್ಷತ್ರ ಆಮೆಯೂ ಸೇರಿದಂತೆ ನಮ್ಮ ನಾಡಿನ ಆಮೆಗಳನ್ನು ಸಾಕುವುದು, ಮಾರುವುದು ಅಪರಾಧ. 2022ರ ತಿದ್ದುಪಡಿಯ ಬಳಿಕ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯ ಪ್ರಾಣಿಗಳಿಗೆ ಸಂಬಂಧಿಸಿದ ಅಪರಾಧಕ್ಕೆ ಮೂರರಿಂದ ಏಳು ವರ್ಷಗಳ ಸೆರೆವಾಸ ಹಾಗೂ ಕನಿಷ್ಠ 25,000 ರೂಪಾಯಿ ದಂಡವಿದೆ. ನಕ್ಷತ್ರ ಆಮೆ ಈ ಅನುಸೂಚಿಯಲ್ಲಿದೆ. ಮನೆಗೆ ಅದೃಷ್ಟ ತರುತ್ತದೆಂಬ ನಂಬಿಕೆ ಕಾನೂನಿನ ಮುಂದೆ ನಿಲ್ಲದು. ಸಲ್ಕಾಟಾದಂತಹ ವಿದೇಶಿ ನೆಲಾಮೆಗಳು ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವುದರಿಂದ, 2024ರ ನಿಯಮಗಳಂತೆ ಅವುಗಳ ವಿವರವನ್ನು ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ಸಾಕುಪ್ರಾಣಿ ಅಂಗಡಿಗಳಿಗೆ 2018ರ ನಿಯಮಗಳಡಿ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯ ನೋಂದಣಿ ಪ್ರತ್ಯೇಕವಾಗಿ ಅಗತ್ಯ.

ಕೊಕ್ಕು ಬೆಳೆಯುವುದೇಕೆ?

ಆಮೆಗೆ ಹಲ್ಲಿಲ್ಲ. ದವಡೆಯ ಅಂಚನ್ನು ಆವರಿಸಿದ ಕೊಂಬಿನಂತಹ ಕೆರಟಿನ್ ಪದರವೇ ಅದರ ಕೊಕ್ಕು. ನಮ್ಮ ಉಗುರಿನಂತೆ ಇದು ಜೀವನಪರ್ಯಂತ ಬೆಳೆಯುತ್ತದೆ. ಕಾಡಿನಲ್ಲಿ ಒರಟು ಹುಲ್ಲು ಕಡಿಯುವಾಗ, ಬಸವನಹುಳುವಿನ ಚಿಪ್ಪು ಒಡೆಯುವಾಗ ತಾನಾಗಿ ಸವೆಯುತ್ತದೆ. ತೊಟ್ಟಿಯಲ್ಲಿ ಮೆದುವಾದ ಕಾಳು, ಒಣ ಸೀಗಡಿಯಷ್ಟನ್ನೇ ತಿನ್ನುವ ಆಮೆಗೆ ಆ ಸವೆತ ದೊರೆಯದು. ಕ್ಯಾಲ್ಸಿಯಂ ಹಾಗೂ ಡಿ3 ಜೀವಸತ್ವದ ಕೊರತೆಯಿಂದ ದವಡೆಯ ಮೂಳೆ ಮೆತ್ತಗಾಗಿ ಮೇಲ್ಕೊಕ್ಕು, ಕೆಳಕೊಕ್ಕು ಹೊಂದಿಕೊಳ್ಳದಿರುವುದು ಇನ್ನೊಂದು ಕಾರಣ. ಯಕೃತ್ತಿನ ಕಾಯಿಲೆಯಿಂದಲೂ ಕೊಕ್ಕು ವಿಪರೀತ ಬೆಳೆಯಬಹುದು. ಆದುದರಿಂದ ಬೆಳೆದ ಕೊಕ್ಕನ್ನು ರೋಗಕ್ಕಿಂತ ಹೆಚ್ಚಾಗಿ ರೋಗದ ಲಕ್ಷಣವೆಂದು ತಿಳಿಯುವುದು ಒಳಿತು.

ಮಲೆನಾಡಿನ ಮಳೆಗಾಲ

ಬಾಬಾಬುಡನ್‌ಗಿರಿ, ಮೂಡಿಗೆರೆ, ಕಳಸ ಭಾಗದಲ್ಲಿ ಈ ಸಮಸ್ಯೆಗೆ ಹವಾಮಾನವೂ ಕೂಡಿಕೊಳ್ಳುತ್ತದೆ. ಆಮೆಯ ದೇಹದಲ್ಲಿ ಡಿ3 ಉತ್ಪತ್ತಿಯಾಗಲು ಬಿಸಿಲಿನ ಅತಿನೇರಳೆ 'ಬಿ' ಕಿರಣ ಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಮೋಡ ಕವಿದಿರುವುದೇ ಹೆಚ್ಚು. ಕಿಟಕಿಯ ಗಾಜು ಈ ಕಿರಣವನ್ನು ಬಹುಪಾಲು ತಡೆಯುತ್ತದೆ. ಇದಕ್ಕೆಂದೇ ತಯಾರಾದ ಯು.ವಿ.ಬಿ. ದೀಪ ಹಾಗೂ ಮೈ ಕಾಯಿಸಿಕೊಳ್ಳಲು ಒಣ ಜಾಗ ಅವಶ್ಯ. ದೀಪ ಬೆಳಗುತ್ತಿದ್ದರೂ ಕಿರಣದ ಶಕ್ತಿ ಕುಂದುವುದರಿಂದ ತಯಾರಕರು ಸೂಚಿಸಿದ ಅವಧಿಗೆ, ಸಾಮಾನ್ಯವಾಗಿ 6ರಿಂದ 12 ತಿಂಗಳಿಗೊಮ್ಮೆ, ಬದಲಿಸಬೇಕು.

ಸಸ್ಯಾಹಾರಿ ನೆಲಾಮೆಗೆ ಹುಲ್ಲು, ದಾಸವಾಳದ ಎಲೆ ಮತ್ತು ಹೂವು ಉತ್ತಮ. ತೋಟದ ಸೊಪ್ಪು ತರುವಾಗ ಬೋರ್ಡೋ ದ್ರಾವಣ ಅಥವಾ ಕೀಟನಾಶಕ ಸಿಂಪಡಿಸಿದ ಗಿಡಗಳನ್ನು ಕಡ್ಡಾಯವಾಗಿ ದೂರವಿಡಬೇಕು. ಅನ್ನ, ಬ್ರೆಡ್ಡು ಸಲ್ಲದು.

ಉಗುರಿನ ಗುಟ್ಟು

ಉಗುರಿನ ವಿಚಾರದಲ್ಲಿ ಸಾಮಾನ್ಯ ತಪ್ಪೊಂದಿದೆ. ಗಂಡು ಸ್ಲೈಡರ್ ಆಮೆಯ ಮುಂಗಾಲಿನ ಉಗುರುಗಳು ಸ್ವಭಾವತಃ ಉದ್ದ. ಹೆಣ್ಣಿನ ಮುಖದ ಮುಂದೆ ಅವುಗಳನ್ನು ಕಂಪಿಸುವುದು ಅದರ ಪ್ರಣಯದ ರೀತಿ. ಇದನ್ನು ದೋಷವೆಂದು ಭಾವಿಸಿ ಕತ್ತರಿಸಬಾರದು. ನೆಲಾಮೆಯ ಉಗುರು ಪಕ್ಕಕ್ಕೆ ತಿರುಗಿ ನಡಿಗೆಗೆ ತೊಡಕಾದರೆ ಮಾತ್ರ ತುದಿಯನ್ನು ತುಸುವೇ ತೆಗೆಯಬೇಕು. ಉಗುರಿನೊಳಗೆ ರಕ್ತನಾಳವಿದ್ದು, ಕಪ್ಪು ಉಗುರಿನಲ್ಲಿ ಅದು ಕಾಣುವುದಿಲ್ಲ. ಕೊಕ್ಕನ್ನು ಮನೆಯ ಕತ್ತರಿಯಿಂದ ಕತ್ತರಿಸಿದರೆ ಸೀಳು ಬಿಡುವ ಅಪಾಯವಿದೆ. ಪಶುವೈದ್ಯರು ಸಣ್ಣ ತಿರುಗುಯಂತ್ರದಿಂದ ಸ್ವಲ್ಪಸ್ವಲ್ಪವೇ ಉಜ್ಜಿ ಆಕಾರಕ್ಕೆ ತರುತ್ತಾರೆ. ಆಮೆಯನ್ನು ಮುಟ್ಟಿದ ಬಳಿಕ ಸೋಪಿನಿಂದ ಕೈ ತೊಳೆಯಬೇಕು. ಸಾಲ್ಮೊನೆಲ್ಲಾ ಸೋಂಕಿನ ಕಾರಣ ಅಮೆರಿಕದಲ್ಲಿ ನಾಲ್ಕು ಅಂಗುಲಕ್ಕಿಂತ ಚಿಕ್ಕ ಚಿಪ್ಪಿನ ಆಮೆಗಳ ಮಾರಾಟಕ್ಕೆ 1975ರಿಂದಲೇ ನಿಷೇಧವಿದೆ.

ವ್ಯಾಪಾರಕ್ಕೆ ಇಲ್ಲೊಂದು ದಾರಿ

ಮುನ್ನೆಚ್ಚರಿಕೆಯ ಸಾಮಗ್ರಿಗಳು ದುಬಾರಿಯಲ್ಲ. ಗ್ರಂಥಿಗೆ ಅಂಗಡಿಯಲ್ಲಿ 'ಸಮುದ್ರ ನೊರೆ' ಎಂದು ಕರೆಯುವ ಕಟ್ಲ್ ಮೀನಿನ ಒಳಚಿಪ್ಪು ಕ್ಯಾಲ್ಸಿಯಂ ಒದಗಿಸುತ್ತದೆ. ಕಚ್ಚಿ ಕೆರೆಯುವಾಗ ಕೊಕ್ಕನ್ನೂ ಸವೆಸುತ್ತದೆ. ಹೊಳಪು ಕೊಡದ, ಒರಟು ಮೈಯ ಚಪ್ಪಡಿ ಕಲ್ಲಿನ ಮೇಲೆ ಆಹಾರವಿಟ್ಟರೆ ಕೊಕ್ಕು, ಉಗುರು ಎರಡೂ ಸವೆಯುತ್ತವೆ. ಕಲ್ಲು ಕೊಯ್ಯುವ ಘಟಕಗಳಲ್ಲಿ ಉಳಿಯುವ ತುಂಡುಗಳ ಅಂಚನ್ನು ನಯಗೊಳಿಸಿದರೆ ಇದಕ್ಕೆ ಸಾಕು. ಒಣ ವೇದಿಕೆ, ದೀಪದ ಹಿಡಿಕೆ, ವಿದ್ಯುತ್ ಕೈಕೊಟ್ಟಾಗ ನೆರವಾಗುವ ಬ್ಯಾಟರಿ ವ್ಯವಸ್ಥೆ ಇವೆಲ್ಲ ಸಣ್ಣ ತಯಾರಕರ ಕೈಗೆಟುಕುವ ವಸ್ತುಗಳು. ಇವುಗಳೊಂದಿಗೆ ಕನ್ನಡದಲ್ಲಿ ಮುದ್ರಿಸಿದ ಒಂದು ಪುಟದ ಆರೈಕೆ ಸೂಚನೆಯನ್ನು ನೀಡುವ ಅಂಗಡಿಗೆ ಗ್ರಾಹಕರ ವಿಶ್ವಾಸ ತಾನಾಗಿ ಒದಗುತ್ತದೆ.

ಕೆರೆಗೆ ಬಿಡುವುದು ಪರಿಹಾರವಲ್ಲ

ಜಗತ್ತಿನ ನೂರು ಅತ್ಯಪಾಯಕಾರಿ ಆಕ್ರಮಣಕಾರಿ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಸ್ಲೈಡರ್ ಆಮೆಯೂ ಸೇರಿದೆ. ಕಾಫಿ ತೋಟದ ನೀರಾವರಿ ಕೆರೆಗೆ ಬಿಟ್ಟ ಒಂದು ಆಮೆ ಕೋಡಿ ಹರಿದಾಗ ಹಳ್ಳ ಸೇರಿ, ಮುಂದೆ ಭದ್ರೆಯನ್ನೋ ಹೇಮಾವತಿಯನ್ನೋ ಮುಟ್ಟಬಹುದು. ಅಲ್ಲಿನ ದೇಶೀ ಆಮೆಗಳೊಡನೆ ಆಹಾರಕ್ಕೂ ಬಿಸಿಲು ಕಾಯುವ ಜಾಗಕ್ಕೂ ಅದು ಪೈಪೋಟಿ ನಡೆಸುತ್ತದೆ, ರೋಗವನ್ನೂ ಹರಡಬಲ್ಲದು. ಸಾಕಲಾಗದ ಆಮೆಯನ್ನು ಮರಳಿ ಪಡೆಯುವ ಹೊಣೆಯನ್ನು ಮಾರುವ ಅಂಗಡಿಯೇ ಹೊರುವುದು ಉಚಿತ. ಆ ಹೊಣೆಗೆ ಸಿದ್ಧವಿಲ್ಲದವರು ಆಮೆಯ ಮಾರಾಟವನ್ನು ಕೈಬಿಟ್ಟು, ಆರೈಕೆಯ ಸಾಮಗ್ರಿಗಳಿಗೆ ಸೀಮಿತರಾಗುವುದೇ ಲೇಸು.